ಒಂದು ಪತ್ರಿಕೆ ಬಾಕಿ

ನನ್ನ ಹೆಂಡತಿಯನ್ನು ನಾನು ಮೊದಲ ಸಲ ನೋಡಿದ್ದು ನಮ್ಮ ಕಾರ್ಖಾನೆಯ ಬಸ್ಸಿನ ಮುಂಗಾಜಿನ ಮೂಲಕ. ಜಯಲಕ್ಷ್ಮಿಪುರಂನ ಅವರ ಕಾಲೇಜಿನ ಎದುರು, ರಸ್ತೆಯ ನಟ್ಟನಡುವೆ ಎರಡೂ ಕೈ ಅಗಲಿಸಿಕೊಂಡು ನಿಂತಿದ್ದಳು. ಬೆನ್ನ ಹಿಂದೆ ಐವತ್ತು ಅರವತ್ತು ಹುಡುಗ ಹುಡುಗಿಯರು. ಡ್ರೈವರು ಬ್ರೇಕು ತುಳಿದ ರಭಸಕ್ಕೆ ನನ್ನ ತೊಡೆಯ ಮೇಲಿದ್ದ ಊಟದ ಡಬ್ಬಿ ಉರುಳಿ, ಅಮ್ಮ ಕಟ್ಟಿಕೊಟ್ಟಿದ್ದ ಚಿತ್ರಾನ್ನವೆಲ್ಲ ಮುಂದಿನ ಸೀಟಿನವರ ಚಪ್ಪಲಿಗೆ ಹೋಯಿತು.

ಆಗಿನ್ನೂ ತೊಂಬತ್ತರ ದಶಕದ ಶುರು. ಡಿಪ್ಲೊಮಾ ಮುಗಿಸಿ, ಹೆಬ್ಬಾಳದ ಒಂದು ನಟ್ಟು ಬೋಲ್ಟು ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸಕ್ಕೆ ಸೇರಿ ನನಗೆ ಒಂದು ವರ್ಷವಾಗಿತ್ತು. ತಯಾರಾಗಿ ಬಂದ ನಟ್ಟುಗಳನ್ನು ಅಳೆದು, ಅಳತೆಗೆ ಬಾರದ್ದನ್ನು ಪಕ್ಕದ ಬುಟ್ಟಿಗೆ ಹಾಕುವುದು ನನ್ನ ಉದ್ಯೋಗ. ಎರಡನೇ ಪಾಳಿಯಿದ್ದಾಗ ಮಧ್ಯಾಹ್ನ ಅಗ್ರಹಾರದ ವೃತ್ತದಲ್ಲಿ ಬಸ್ಸು ಹತ್ತಿದರೆ ಎರಡು ಗಂಟೆಗೆ ಸರಿಯಾಗಿ ಹೆಬ್ಬಾಳದ ಗೇಟಿನಲ್ಲಿ ಇಳಿಯುತ್ತಿದ್ದೆವು.

"ಇಳೀರಿ, ಎಲ್ರೂ ಇಳೀರಿ. ಈ ಬಸ್ಸು ಇಲ್ಲಿಂದ ಮುಂದಕ್ಕೆ ಹೋಗಲ್ಲ" ಎಂದಳು.

ಡ್ರೈವರು ಕಿಟಕಿಯಿಂದ ತಲೆ ಹೊರಗೆ ಹಾಕಿದರು. "ಇದು ಸಿಟಿ ಬಸ್ಸಲ್ಲ ಕಣಮ್ಮ, ಫ್ಯಾಕ್ಟ್ರಿ ಬಸ್ಸು."

ಅವಳು ಬಸ್ಸಿನ ಹಣೆಯ ಮೇಲಿದ್ದ ಬೋರ್ಡನ್ನು ಓದಿದಳು. ಮುಖ ಒಂದು ಗಳಿಗೆ ಪೆಚ್ಚಾದದ್ದು ಒಳಗೆ ಕೂತ ನನಗೂ ಕಾಣಿಸಿತು. ಸಿಟಿ ಬಸ್ಸುಗಳು ಕಾಲೇಜಿನ ಮುಂದೆ ನಿಲ್ಲಿಸುವುದಿಲ್ಲ ಎಂಬುದು ಅವರ ಹೋರಾಟ; ಬಿಸಿಲಲ್ಲಿ ಕಾದು ಕಾದು, ಕೊನೆಗೆ ಕಂಡ ಮೊದಲನೇ ಬಸ್ಸಿಗೆ ಅಡ್ಡ ನಿಂತಿದ್ದರು. ಆದರೆ ಹಿಂದೆ ಅರವತ್ತು ಜನ ಜೈಕಾರ ಹಾಕುತ್ತಿರುವಾಗ ತಪ್ಪಾಯಿತೆಂದು ಪಕ್ಕಕ್ಕೆ ಸರಿಯುವುದು ಹೇಗೆ?

"ಬಸ್ಸು ಬಸ್ಸೇ ಕಣ್ರೀ" ಎಂದಳು. "ನೀವೂ ನಮ್ ಕಾಲೇಜ್ ಮುಂದೆ ನಿಲ್ಸದೇನೇ ಹೋಗ್ತೀರ ತಾನೆ?"

ಚಿತ್ರಾನ್ನ ಹೋದ ಸಿಟ್ಟಿನಲ್ಲಿ ನಾನೇ ಇಳಿದುಹೋದೆ. ಜಗಳವಾಡಿ ಅಭ್ಯಾಸವಿಲ್ಲದ ಕಾರಣ ನನ್ನ ಮಾತು ಅರ್ಜಿಯಂತೆ ಹೊರಟಿತು. "ನೋಡಿ, ಎರಡು ಗಂಟೆಗೆ ನಮ್ಮ ಪಾಳಿ. ತಡವಾದ್ರೆ ಅರ್ಧ ದಿನದ ರಜಾ ಹಾಕ್ಬುಡ್ತಾರೆ."

"ಯಾರು ಹಾಕೋದು?"

"ನಮ್ಮ ಫೋರ್‌ಮನ್ನು."

"ಅವರಿಗೆ ನಾನು ಬರ್ದು ಕೊಡ್ತೀನಿ, ಇರಿ." ನೋಟ್‌ಬುಕ್ಕಿನ ಹಾಳೆಯೊಂದನ್ನು ಹರಿದು, ಬಸ್ಸಿನ ಬಾನೆಟ್ಟಿನ ಮೇಲೆ ಇಟ್ಟುಕೊಂಡು ಬರೆದಳು: ಮಾನ್ಯರೇ, ಈ ಪತ್ರ ತರುತ್ತಿರುವವರು ನ್ಯಾಯಯುತವಾದ ಹೋರಾಟವೊಂದರ ಕಾರಣದಿಂದ ಐವತ್ತು ನಿಮಿಷ ತಡವಾಗಿದ್ದಾರೆ, ಇದರಲ್ಲಿ ಅವರ ತಪ್ಪೇನೂ ಇರುವುದಿಲ್ಲ, ಇಂತಿ, ಅಧ್ಯಕ್ಷೆ, ವಿದ್ಯಾರ್ಥಿ ಸಂಘ. ಆಮೇಲೆ ಚೀಲದಿಂದ ಒಂದು ರಬ್ಬರ್ ಸ್ಟ್ಯಾಂಪು ತೆಗೆದು, ಬಾಯಿಂದ ಹಬೆ ಊದಿ, ಸಹಿಯ ಮೇಲೆ ಒತ್ತಿದಳು.

ಫೋರ್‌ಮನ್ನರು ಆ ಪತ್ರವನ್ನು ಎರಡು ಸಲ ಓದಿದರು. "ಸೀಲ್ ಬೇರೆ ಹಾಕವ್ಳಲ್ಲಯ್ಯಾ!" ಎಂದು ಅದನ್ನು ನೋಟಿಸ್ ಬೋರ್ಡಿಗೆ ಚುಚ್ಚಿಸಿ, ಅರ್ಧ ದಿನದ ರಜೆಯನ್ನೂ ಹಾಕಿದರು. ತಮಾಷೆಯೆಂದರೆ ಹದಿನೈದೇ ದಿನದಲ್ಲಿ ಸಿಟಿ ಬಸ್ಸುಗಳು ಆ ಕಾಲೇಜಿನ ಮುಂದೆ ನಿಲ್ಲತೊಡಗಿದವು. ವಿದ್ಯಾರ್ಥಿಗಳ ಮನವಿಗೆ ವರ್ಷವಿಡೀ ಅಲುಗಾಡದ ಸಾರಿಗೆಯವರು, ಕಾರ್ಖಾನೆಯ ಬಸ್ಸು ನಿಂತಿತೆಂಬ ದೂರಿಗೆ ಒಂದೇ ವಾರದಲ್ಲಿ ಎದ್ದು ಕೂತಿದ್ದರು. ಸರಿಯಾದ ಬಸ್ಸನ್ನು ತಡೆಯುವುದಕ್ಕಿಂತ ತಪ್ಪು ಬಸ್ಸನ್ನು ತಡೆಯುವುದು ಒಳ್ಳೆಯದು ಎಂಬುದು ತನ್ನ ರಾಜಕೀಯದ ಮೊದಲನೇ ಪಾಠ ಎಂದು ಅವಳು ಈಗಲೂ ಹೇಳುತ್ತಾಳೆ.

ಎರಡು ವರ್ಷದ ಮೇಲೆ ನಮ್ಮ ಮನೆಯಲ್ಲಿ ಹೆಣ್ಣು ನೋಡುವ ಮಾತು ಬಂತು. ನಮ್ಮ ತಂದೆ ಅಗ್ರಹಾರದ ಒಂದು ಮಠದ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದರು. ಮಠಕ್ಕೆ ವಿಭೂತಿ, ಕರ್ಪೂರ, ಊದುಬತ್ತಿ ಸರಬರಾಜು ಮಾಡುವ ಅಂಗಡಿಯ ಯಜಮಾನರಿಗೆ ಒಬ್ಬಳೇ ಮಗಳು, ಬಿ.ಎ. ಕೊನೇ ವರ್ಷ, ಬಹಳ ಚೂಟಿ ಎಂದರು. ನಮ್ಮ ಮನೆಯಿಂದ ಮೂರು ಬೀದಿ ಆಚೆ. ನಡೆದುಕೊಂಡೇ ಹೋದೆವು.

ಕಾಫಿಯ ತಟ್ಟೆ ಹಿಡಿದು ಒಳಗಿನಿಂದ ಬಂದವಳು ನನ್ನ ಮುಂದೆ ನಿಂತು, ಲೋಟ ಕೊಡುವ ಮೊದಲೇ ಕೇಳಿದಳು. "ಅರ್ಧ ದಿನ ಹೋಯ್ತಾ?"

ನಡುಮನೆಯಲ್ಲಿದ್ದ ಎಂಟು ಜನ ಹಿರಿಯರು ಒಟ್ಟಿಗೆ ನನ್ನ ಕಡೆ ತಿರುಗಿದರು.

"ಹೋಯ್ತು" ಎಂದೆ.

"ನನ್ ಲೆಟರ್ ಕೊಟ್ರಾ?"

"ಕೊಟ್ಟೆ. ನೋಟಿಸ್ ಬೋರ್ಡಿಗೆ ಹಾಕಿದಾರೆ. ಇನ್ನೂ ತೆಗೆದಿಲ್ಲ."

ಅವಳು ನಕ್ಕ ನಗುವಿಗೆ ಕಾಫಿ ತಟ್ಟೆಗೆಲ್ಲ ತುಳುಕಿತು. ವಾಪಸು ಬರುವಾಗ ಅಮ್ಮ ಮೆಲ್ಲಗೆ, "ಹುಡುಗಿ ಮೊದಲೇ ಪರಿಚಯಾನೇನೋ?" ಎಂದು ಕೇಳಿದಳು. "ಒಂದ್ಸಲ ಬಸ್ಸಲ್ಲಿ ಹೋಗ್ತಾ ನೋಡಿದ್ದೆ ಕಣಮ್ಮ" ಎಂದೆ. ಅದು ಸುಳ್ಳೇನೂ ಆಗಿರಲಿಲ್ಲ.

ಬಿ.ಎ.ಯ ಕೊನೆಯ ಪರೀಕ್ಷೆ ಮುಗಿದು ಎರಡು ವಾರಕ್ಕೆ ಸರಿಯಾಗಿ ನಮ್ಮ ಮಾವನವರು ಮುಹೂರ್ತ ಇಡಿಸಿದರು. ಮಠದ ಕಲ್ಯಾಣ ಮಂಟಪ, ಸ್ವಾಮಿಗಳ ಸಾನ್ನಿಧ್ಯ, ಲಗ್ನಪತ್ರಿಕೆ ಎಲ್ಲ ಆಯಿತು. ಅಷ್ಟರಲ್ಲಿ ಕಾಲೇಜುಗಳಲ್ಲಿ ಪಾಠ ಮುಗಿದಿಲ್ಲ, ಪರೀಕ್ಷೆ ಮುಂದಕ್ಕೆ ಹಾಕಬೇಕು ಎಂದು ಕೂಗೆದ್ದಿತು. ಅಂಥ ಕೂಗು ಎದ್ದಮೇಲೆ ಇವಳು ಮನೆಯಲ್ಲಿ ಕೂತು ಸೀರೆ ಆರಿಸುತ್ತಿರುವುದು ಸಾಧ್ಯವೇ? ಮೂರು ದಿನ ಮುಂಚೂಣಿಯಲ್ಲಿ ಕೂತು ಘೋಷಣೆ ಕೂಗಿದಳು. ನಾಲ್ಕನೇ ದಿನ ಎಲ್ಲ ಪತ್ರಿಕೆಗಳನ್ನೂ ಎರಡು ವಾರ ಮುಂದೂಡಿದ ಆದೇಶ ಬಂತು. ಹುಡುಗಿಯರು ಇವಳಿಗೆ ಹಾರ ಹಾಕಿ ಮೆರವಣಿಗೆಯಲ್ಲಿ ಮನೆತನಕ ಬಿಟ್ಟುಹೋದರು.

ಆ ಸಂಭ್ರಮದಲ್ಲಿ ಹೊಸ ವೇಳಾಪಟ್ಟಿಯನ್ನು ಓದಿದವರು ನಮ್ಮ ಮಾವ ಒಬ್ಬರೇ. ಕೊನೆಯ ಪತ್ರಿಕೆ, ಸಾರ್ವಜನಿಕ ಆಡಳಿತ, ಬೆಳಿಗ್ಗೆ ಹತ್ತು ಗಂಟೆಗೆ. ಅದೇ ದಿನ ಬೆಳಿಗ್ಗೆ ಒಂಬತ್ತೂಕಾಲಿಗೆ ನಮ್ಮ ಮುಹೂರ್ತ.

ಗಿರಾಕಿಗಳ ಹತ್ತಿರ ಕೂಡ ಎತ್ತರದ ದನಿಯಲ್ಲಿ ಮಾತಾಡದ ಮನುಷ್ಯ ಅವರು. ಆವತ್ತು ಅವರ ದನಿ ಬೀದಿಗೆ ಕೇಳಿಸಿತಂತೆ. "ಮುಂದಕ್ಕೆ ಹಾಕಿ, ಮುಂದಕ್ಕೆ ಹಾಕಿ ಅಂತ ನೀನೇ ಕೂಗಿದ್ದಲ್ಲಮ್ಮಾ! ತಗೋ, ಹಾಕವ್ರೆ!"

ಮಾರನೇ ದಿನ ಅವಳು ನಮ್ಮ ಮನೆಗೇ ಬಂದಳು. ಮದುವೆಗೆ ಮುಂಚೆ ಹುಡುಗಿ ಹಾಗೆ ಬರುವ ವಾಡಿಕೆಯಿಲ್ಲವೆಂದು ಅಮ್ಮ ಬಾಗಿಲಲ್ಲೇ ತಬ್ಬಿಬ್ಬಾದಳು. "ಒಂಬತ್ತೂಕಾಲಿಗೆ ತಾಳಿ ಕಟ್ಬುಡಿ" ಎಂದಳು ನನಗೆ. "ಆಟೋದಲ್ಲಿ ಹೋದ್ರೆ ಹತ್ತು ನಿಮಿಷ. ಪರೀಕ್ಷೆ ಬರ್ದು, ಒಂದೂಕಾಲಿಗೆ ಊಟಕ್ಕೆ ವಾಪಸ್ ಬಂದ್ಬುಡ್ತೀನಿ. ನೀವೇನಂತೀರಾ?"

"ನನ್ನದೇನೂ ಅಭ್ಯಂತರವಿಲ್ಲ" ಎಂದೆ. ಆ ಒಂದು ಮಾತಿಗೆ ಎರಡೂ ಮನೆಯವರಿಂದ ನಾನು ಬೈಸಿಕೊಂಡಷ್ಟು ಅವಳು ಪರೀಕ್ಷೆ ಮುಂದೂಡಿಸಿದ್ದಕ್ಕೂ ಬೈಸಿಕೊಂಡಿರಲಿಲ್ಲ.

ಕೊನೆಗೆ ಮದುವೆಯೇ ಗೆದ್ದಿತು. ತಾಳಿ ಕಟ್ಟಿದ ಮೇಲೂ ಅವಳ ಕಣ್ಣು ಮಂಟಪದ ಎದುರಿನ ಗೋಡೆ ಗಡಿಯಾರದ ಮೇಲಿತ್ತು. ಹತ್ತೂವರೆಯಾದಾಗ ಉದ್ದನೆ ಉಸಿರು ಬಿಟ್ಟು, "ಇನ್ನು ಒಳಗೆ ಬಿಡಲ್ಲ" ಎಂದಳು. ಅಕ್ಷತೆ ಹಾಕಲು ಬಂದಿದ್ದ ಹಿರಿಯರೊಬ್ಬರು ತಮ್ಮನ್ನೇ ಊಟದ ಮನೆಯೊಳಗೆ ಬಿಡುವುದಿಲ್ಲ ಎಂದುಕೊಂಡು ಬೇಜಾರು ಮಾಡಿಕೊಂಡರು. ಒಂದೂವರೆಗೆ ಅವಳ ಸಹಪಾಠಿಗಳೆಲ್ಲ ಬೆರಳಲ್ಲಿ ಶಾಯಿ ಮೆತ್ತಿಕೊಂಡೇ ಊಟಕ್ಕೆ ಬಂದರು. ಒಬ್ಬಳು ಉಡುಗೊರೆಯ ಜೊತೆಗೆ ಪ್ರಶ್ನೆಪತ್ರಿಕೆಯನ್ನೂ ಕೊಟ್ಟಳು. ನಮ್ಮ ಮದುವೆಯ ಆಲ್ಬಮ್ಮಿನಲ್ಲಿ ಒಂದು ಫೋಟೋ ಇದೆ. ನಾನು ಕ್ಯಾಮರಾ ನೋಡಿ ನಗುತ್ತಿದ್ದೇನೆ, ಪಕ್ಕದಲ್ಲಿ ಮದುವಣಗಿತ್ತಿ ತಲೆ ತಗ್ಗಿಸಿಕೊಂಡಿದ್ದಾಳೆ. ನೋಡಿದವರೆಲ್ಲ ಎಷ್ಟು ನಾಚಿಕೆ ಪಾಪ ಎನ್ನುತ್ತಾರೆ. ಅವಳು ಎರಡನೇ ಪುಟದ ಪ್ರಶ್ನೆ ಓದುತ್ತಿದ್ದಳು.

"ನಾಲ್ಕು ಪ್ರಶ್ನೆ ಗೊತ್ತಿತ್ತು ಕಣ್ರೀ" ಎಂದಳು ನನ್ನ ಕಿವಿಯಲ್ಲಿ. ಗಂಡನಾದ ಮೇಲೆ ನಾನು ಅವಳಿಂದ ಕೇಳಿದ ಮೊದಲನೇ ಗುಟ್ಟು ಅದು.

ಮರುಪರೀಕ್ಷೆಯಲ್ಲಿ ಬರೆಯುತ್ತೇನೆ ಎಂದಳು. ಮೊದಲ ಸಲ ಬಸುರಿಯ ವಾಂತಿ. ಎರಡನೇ ಸಲ ಮಗಳಿಗೆ ಮೂರು ತಿಂಗಳು. ಮೂರನೇ ಸಲ ಶುಲ್ಕ ಕಟ್ಟುವ ಕೊನೆಯ ದಿನ ನಮ್ಮ ಬೀದಿಯ ಹಿಂದಿನ ಸರಕಾರಿ ಶಾಲೆಯಲ್ಲಿ ಐದು ತರಗತಿಗೆ ಇಬ್ಬರೇ ಮೇಷ್ಟ್ರೆಂದು ಗೊತ್ತಾಗಿ, ಬೀದಿಯ ತಾಯಂದಿರನ್ನೆಲ್ಲ ಕಟ್ಟಿಕೊಂಡು ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋಗಿದ್ದಳು. ಮೂರನೇ ಮೇಷ್ಟ್ರು ಬಂದರು, ಶುಲ್ಕದ ದಿನ ಹೋಯಿತು. ಆಮೇಲೆ ಆ ಪತ್ರಿಕೆಯ ಮಾತನ್ನು ಇಬ್ಬರೂ ಎತ್ತಲಿಲ್ಲ.

ಆದರೆ ಅವಳು ಬೆಳೆಯುತ್ತಲೇ ಹೋದಳು. ಶಾಲಾ ಸಮಿತಿಯ ಅಧ್ಯಕ್ಷೆಯಾದಳು. ಅಲ್ಲಿಂದ ನಗರಪಾಲಿಕೆಯ ಚುನಾವಣೆಗೆ ನಿಲ್ಲಿಸಿದರು. ಪಕ್ಷದವರು ಗೋಡೆಗೆ ಅಂಟಿಸಿದ ಭಿತ್ತಿಪತ್ರದಲ್ಲಿ 'ವಿದ್ಯಾರ್ಥಿ ನಾಯಕಿ' ಎಂದೇ ಇತ್ತು; ಎರಡು ಜಡೆಯ, ಕಾಲೇಜಿನ ಗುರುತಿನ ಚೀಟಿಯ ಫೋಟೋವನ್ನೇ ದೊಡ್ಡದು ಮಾಡಿಸಿದ್ದರು. ಅವಳಿಗಾಗಲೇ ಮೂವತ್ತರ ಹತ್ತಿರ. ನಾನು ಅವಳ ಪರವಾಗಿ ಕರಪತ್ರ ಹಂಚುತ್ತ ಹೋದರೆ ಮನೆಮನೆಯಲ್ಲೂ "ನಿಮ್ ತಂಗೀನಾ? ಚೆನ್ನಾಗವ್ಳೆ, ಗೆಲ್ತಾಳೆ ಬುಡಿ" ಎನ್ನುತ್ತಿದ್ದರು. ಗೆದ್ದಳು. ಪಾಲಿಕೆಯಲ್ಲಿ ಶಿಕ್ಷಣದ ವಿಷಯ ಬಂದರೆ ಎದ್ದು ನಿಲ್ಲುವವಳು ಇವಳೊಬ್ಬಳೇ ಆದ್ದರಿಂದ, ಶಿಕ್ಷಣದ ಸ್ಥಾಯಿ ಸಮಿತಿಯನ್ನು ಇವಳ ತಲೆಗೇ ಕಟ್ಟಿದರು.

ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿತ್ತು. ಒಂದು ಮಧ್ಯಾಹ್ನ ನಾನು ಮೊದಲನೇ ಪಾಳಿ ಮುಗಿಸಿ ಬಂದು ಮಲಗಿದ್ದೆ. ಅವಳು ತಾರಸಿಯಲ್ಲಿ ಹಪ್ಪಳ ಒಣಗಿಸುತ್ತಿದ್ದವಳು ಮೊಬೈಲು ಹಿಡಿದುಕೊಂಡು ಇಳಿದು ಬಂದಳು.

"ರೀ, ನಂಗೆ ಮಂಡಳಿ ಕೊಟ್ಬುಟ್ರು."

ನಾನು ನಿದ್ದೆಗಣ್ಣಲ್ಲಿ, "ಯಾವ ಮಂಡಳಿ? ಭಜನಾ ಮಂಡಳಿನಾ?" ಎಂದೆ.

"ಸರಕಾರದ್ದು ರೀ! ಪಠ್ಯಪುಸ್ತಕದ್ದು! ಅಧ್ಯಕ್ಷೆ!"

ರಾಜ್ಯದ ಸರಕಾರಿ ಶಾಲೆಗಳಿಗೆಲ್ಲ ಪುಸ್ತಕ ಮತ್ತು ಸಮವಸ್ತ್ರ ಸಕಾಲಕ್ಕೆ ತಲುಪುತ್ತಿವೆಯೇ ಎಂದು ನೋಡಿಕೊಳ್ಳಲು ಆಗ ಮಾಡಿದ್ದ ಒಂದು ಮಂಡಳಿ ಅದು. ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ನಮ್ಮ ಅಮ್ಮ ಆ ವಾಕ್ಯದಲ್ಲಿ 'ಸಚಿವ' ಎಂಬುದನ್ನು ಮಾತ್ರ ಹಿಡಿದುಕೊಂಡು ಹೊರಗೆ ಹೋದಳು. ಸಂಜೆಯೊಳಗೆ ಇಡೀ ಅಗ್ರಹಾರಕ್ಕೆ ಅವಳ ಸೊಸೆ ಮಂತ್ರಿಯಾಗಿದ್ದಳು. ಪಾಪ, ಅಲ್ಲವೆಂದು ತಿದ್ದುವ ಧೈರ್ಯ ನಮ್ಮಲ್ಲಿ ಯಾರಿಗೂ ಬರಲಿಲ್ಲ.

ಮಾರನೇ ವಾರ ಕೆಂಪು ದೀಪದ ಕಾರು ಬಂತು. ನಮ್ಮ ಬೀದಿಯಲ್ಲಿ ಅದು ಹಿಡಿಸಲಿಲ್ಲ. ಒಂದು ಪಕ್ಕ ಜಗುಲಿ, ಇನ್ನೊಂದು ಪಕ್ಕ ಚರಂಡಿ. ನಡುವೆ ಸಿಕ್ಕಿಕೊಂಡು ಮುಂದೆಯೂ ಹೋಗದೆ ಹಿಂದೆಯೂ ಬಾರದೆ ನಿಂತಾಗ, ಬೀದಿಯವರೆಲ್ಲ ಸೇರಿ ಕೂಗಿ ಕೂಗಿ ದಾರಿ ತೋರಿಸಿ ಹಿಂದಕ್ಕೆ ತೆಗೆಸಿದರು. ಅಂದಿನಿಂದ ಅದು ಮೂಲೆಯಲ್ಲಿ ಹೂವಾಡಗಿತ್ತಿಯ ಪಕ್ಕ ನಿಲ್ಲತೊಡಗಿತು. ಕಾರಿನ ಡ್ರೈವರು ನಲವತ್ತು ದಾಟಿದ, ಟಿ. ನರಸೀಪುರದ ಕಡೆಯ ಗಂಭೀರ ಮನುಷ್ಯ. ಎಸ್ಸೆಸ್ಸೆಲ್ಸಿ ಪಾಸು ಮಾಡಿ ಸ್ಟೀರಿಂಗು ಹಿಡಿದವರು. "ಆ ಮಂಡಳಿ ಈ ಮಂಡಳಿ ಎಲ್ಲಾ ಸೇರಿ ನಂಗೆ ಇವ್ರು ಏಳ್ನೇ ಅಧ್ಯಕ್ಷರು ಸಾರ್" ಎಂದು ಪರಿಚಯ ಹೇಳಿಕೊಂಡರು. ಆ ದನಿಯಲ್ಲಿ ಎಂಟನೆಯವರ ಬಗ್ಗೆಯೂ ಸಿದ್ಧತೆಯಿತ್ತು.

ನನ್ನ ಬದುಕೂ ಬದಲಾಯಿತು. ಕಾರ್ಖಾನೆಯಲ್ಲಿ ಈವರೆಗೆ ನನ್ನ ಹತ್ತಿರ ನಟ್ಟಿನ ವಿಷಯ ಬಿಟ್ಟು ಬೇರೇನೂ ಮಾತಾಡದವರು ಟೀ ತರಿಸಿಕೊಟ್ಟು, ಅತ್ತಿಗೆಯ ವರ್ಗಾವಣೆ, ನಾದಿನಿಯ ವರ್ಗಾವಣೆ ಎಂದು ಚೀಟಿ ಕೊಡತೊಡಗಿದರು. ಆ ಹಳೆಯ ಫೋರ್‌ಮನ್ನರೂ ನಿವೃತ್ತಿಯ ಅಂಚಿನಲ್ಲಿ ಒಂದು ದಿನ ಬಂದು, ಶಾಲೆಯಲ್ಲಿ ಟೀಚರಾಗಿದ್ದ ತಮ್ಮ ಮಗಳನ್ನು ಹುಣಸೂರಿನಿಂದ ಮೈಸೂರಿಗೆ ಹಾಕಿಸಲು ಸಾಧ್ಯವೇ ಎಂದು ತಲೆ ಕೆರೆದುಕೊಂಡರು. ಪುಸ್ತಕದ ಮಂಡಳಿಗೂ ವರ್ಗಾವಣೆಗೂ ಸಂಬಂಧವಿಲ್ಲವೆಂದು ನಾನು ವಿವರಿಸಿದೆ. "ಅರ್ಧ ದಿನ ರಜಾ ಹಾಕಿದ್ದನ್ನ ಇನ್ನೂ ಮನಸಲ್ಲಿ ಇಟ್ಕೊಂಡಿದೀಯ ಕಣಯ್ಯಾ ನೀನು" ಎಂದು ನೊಂದುಕೊಂಡು ಹೋದರು.

ಗಂಡಾಂತರ ಬಂದದ್ದು ಒಂದು ಅರ್ಜಿ ನಮೂನೆಯಿಂದ. ಅಧ್ಯಕ್ಷರ ಪರಿಚಯವನ್ನು ಇಲಾಖೆಯ ಕೈಪಿಡಿಗೆ ಹಾಕಲು ಅವಳ ಆಪ್ತ ಸಹಾಯಕರು ಒಂದು ನಮೂನೆ ತಂದರು. ನಮ್ಮ ನಡುಮನೆಯಲ್ಲೇ ಕೂತು ತುಂಬಿದಳು. ವಿದ್ಯಾರ್ಹತೆ ಎಂಬಲ್ಲಿ 'ಬಿ.ಎ.' ಎಂದು ಬರೆದು, ಪೆನ್ನು ಹಾಗೇ ಹಿಡಿದುಕೊಂಡು ಕೂತಳು. ಆಮೇಲೆ ಪಕ್ಕದಲ್ಲಿ ಸೇರಿಸಿದಳು: 'ಒಂದು ಪತ್ರಿಕೆ ಬಾಕಿ.'

ಆಪ್ತ ಸಹಾಯಕರು ಸರಕಾರಿ ಸೇವೆಯಲ್ಲಿ ಕೂದಲು ನರೆಸಿಕೊಂಡವರು. "ಮೇಡಂ, ಅಷ್ಟು ವಿವರ ಬೇಡ. ಬರೀ ಪದವಿ ವ್ಯಾಸಂಗ ಅಂತ ಹಾಕೋಣ. ಅದು ಸುಳ್ಳೂ ಅಲ್ಲ, ನಿಜಾನೂ ಅಲ್ಲ."

"ಬಾಕಿ ಇರೋದನ್ನ ಬಾಕಿ ಅಂತ್ಲೇ ಹಾಕಿ ಸಾರ್. ಮೊನ್ನೆ ತಾನೇ ಒಂದು ಶಾಲೇಲಿ ನಿಂತ್ಕೊಂಡು ಕಾಪಿ ಹೊಡೀಬೇಡಿ ಮಕ್ಕಳೇ ಅಂತ ಭಾಷಣ ಮಾಡ್ಬಂದಿದೀನಿ."

ಕೈಪಿಡಿ ಅಚ್ಚಾಯಿತು. ಮೂರನೇ ದಿನ ಒಂದು ಸಂಜೆ ಪತ್ರಿಕೆಯ ಮೊದಲ ಪುಟದಲ್ಲಿ ಇವಳ ಫೋಟೋ. ಮೇಲೆ ದಪ್ಪಕ್ಷರದಲ್ಲಿ, ಪುಸ್ತಕ ಹಂಚುವ ಅಧ್ಯಕ್ಷೆ ಪುಸ್ತಕ ಓದಿಲ್ಲ ಎಂದಿತ್ತು. ಮಗಳು ಶಾಲೆಯಿಂದ ಬಂದವಳೇ ಚೀಲ ಎಸೆದು, "ಅಮ್ಮಾ, ನೀನು ಫೇಲಾ?" ಎಂದಳು.

"ಫೇಲಲ್ಲ ಕಣೇ, ಗೈರುಹಾಜರು."

"ಯಾಕೆ?"

"ನಿಮ್ಮಪ್ಪನ್ನ ಮದುವೆ ಆಗ್ತಿದ್ದೆ."

ಮಗಳು ನನ್ನನ್ನು ನೋಡಿದ ನೋಟದಲ್ಲಿ, ಇಂಥದ್ದಕ್ಕೋಸ್ಕರ ಪರೀಕ್ಷೆ ಬಿಡುತ್ತಾರೆಯೇ ಎಂಬ ಪ್ರಶ್ನೆ ಸ್ಪಷ್ಟವಾಗಿತ್ತು.

ಎರಡು ದಿನ ಫೋನು ಬಡಿದುಕೊಳ್ಳುತ್ತಲೇ ಇತ್ತು. ಹಿತೈಷಿಯೊಬ್ಬರು ಮನೆಗೇ ಬಂದು, ತಮ್ಮ ಪರಿಚಯದ ಸಂಸ್ಥೆಯೊಂದು ಶಾಲು ಹೊದಿಸಿ ಗೌರವ ಡಾಕ್ಟರೇಟ್ ಕೊಡುತ್ತದೆ, ಆಗ ಬಿ.ಎ.ಯನ್ನು ಯಾರು ಕೇಳುತ್ತಾರೆ ಎಂದರು. "ಕೆಳಗಿನ ಮನೇನೇ ಕಟ್ಟಿಲ್ಲ, ಮಹಡಿ ಎಲ್ಲಿ ಇಡ್ತೀರಿ?" ಎಂದು ಕಾಫಿ ಕೊಟ್ಟು ಕಳಿಸಿದಳು. ಆಮೇಲೆ ಒಳಗೆ ಹೋಗಿ ಹಾಸಿಗೆಯ ಮೇಲೆ ಕೂತು ಅತ್ತಳು. ಭಾಷಣ, ಧರಣಿ, ಚುನಾವಣೆ ಏನೇ ಇರಲಿ, ಆವರೆಗೆ ಅವಳು ಅತ್ತದ್ದನ್ನು ನಾನು ಕಂಡಿರಲಿಲ್ಲ. ಏನು ಮಾಡಬೇಕೋ ತೋಚದೆ, ತಪಾಸಣೆಯವನ ಬುದ್ಧಿಯಲ್ಲೇ, "ಬರೆದ್ಬುಡು ಅತ್ಲಾಗೆ. ಒಂದೇ ತಾನೆ ಅಳತೆಗೆ ಬರ್ದೇ ಇರೋದು" ಎಂದೆ.

ಕಣ್ಣೊರೆಸಿಕೊಂಡಳು. "ಹತ್ತು ವರ್ಷ ಆಯ್ತಲ್ರೀ. ಇನ್ನೂ ಇರುತ್ತಾ ಆ ಪತ್ರಿಕೆ?"

ಇತ್ತು. ಹಳೆಯ ಪಠ್ಯಕ್ರಮದವರಿಗೆ ಕೊನೆಯ ಅವಕಾಶ ಎಂದು ಆ ವರ್ಷವೇ ಪ್ರಕಟಣೆ ಹೊರಟಿತ್ತು. ಸಾಲಿನಲ್ಲಿ ನಿಂತು ಶುಲ್ಕ ಕಟ್ಟಿ ಬಂದವನು ನಾನು.

ಓದು ಶುರುವಾಯಿತು. ಪಾಠ ಹೇಳುವವನೂ ನಾನೇ. ಸಾರ್ವಜನಿಕ ಆಡಳಿತದ ಬಗ್ಗೆ ನನಗೆ ಗೊತ್ತಿದ್ದದ್ದು ಸೊನ್ನೆ. ಆದರೆ ಪುಸ್ತಕ ಹಿಡಿದು ಪ್ರಶ್ನೆ ಕೇಳುವುದಕ್ಕೆ ಗೊತ್ತಿರಬೇಕಾಗಿಲ್ಲ. ಕಷ್ಟವೆಂದರೆ ಅವಳಿಗೆ ಎಲ್ಲವೂ ಗೊತ್ತಿತ್ತು, ಪುಸ್ತಕದಲ್ಲಿರುವುದು ಮಾತ್ರ ಗೊತ್ತಿರಲಿಲ್ಲ. "ಕಡತವು ಕೆಳಹಂತದಿಂದ ಮೇಲ್ಹಂತಕ್ಕೆ ಕ್ರಮವಾಗಿ ಚಲಿಸುತ್ತದೆ" ಎಂದು ನಾನು ಓದಿದರೆ, "ಚಲಿಸಲ್ಲ ರೀ, ನಾವು ಹೋಗಿ ತಳ್ಳಬೇಕು" ಎನ್ನುತ್ತಿದ್ದಳು. ಅಧಿಕಾರಿಗಳ ಲಕ್ಷಣಗಳೇನು ಎಂದು ಕೇಳಿದರೆ ಪುಸ್ತಕದ ಐದನ್ನು ಬಿಟ್ಟು ತಾನು ಕಂಡ ಹದಿನೇಳನ್ನು ಹೇಳುತ್ತಿದ್ದಳು.

ವಾರದಲ್ಲಿ ಮೂರು ದಿನ ಮಂಡಳಿಯ ಕೆಲಸಕ್ಕೆ ಬೆಂಗಳೂರಿಗೆ ಹೋಗಿಬರಬೇಕಿತ್ತು. ಆದ್ದರಿಂದ ಕಾರಿನ ಹಿಂದಿನ ಸೀಟೇ ಓದುವ ಕೋಣೆಯಾಯಿತು. ಗಟ್ಟಿಯಾಗಿ ಓದದಿದ್ದರೆ ಅವಳ ತಲೆಗೆ ಹತ್ತುವುದಿಲ್ಲ. ರಜೆಯಿದ್ದ ಒಂದು ದಿನ ನಾನೂ ಜೊತೆಗೆ ಹೋಗಿದ್ದೆ. ಮದ್ದೂರು ದಾಟುವಾಗ ಕೇಳಿದೆ, "ಆಡಳಿತಗಾರನ ಏಳು ಕರ್ತವ್ಯ ಯಾವುವು?"

"ಯೋಜನೆ, ಸಂಘಟನೆ, ಸಿಬ್ಬಂದಿ, ನಿರ್ದೇಶನ..." ಬೆರಳು ಮಡಿಸುತ್ತ ಹೋದವಳು ಐದನೆಯದಕ್ಕೆ ನಿಂತಳು. "ಇರಿ, ಇರಿ, ಹೇಳ್ಬೇಡಿ."

ಮುಂದಿನ ಸೀಟಿನಿಂದ, ರಸ್ತೆಯ ಮೇಲಿನ ಕಣ್ಣು ಕೀಳದೆ, ಡ್ರೈವರು ಗಂಭೀರವಾಗಿ ಹೇಳಿದರು. "ಸಮನ್ವಯ, ವರದಿ, ಆಯವ್ಯಯ."

ನಾನು ಪುಸ್ತಕ ನೋಡಿದೆ. ಮೂರೂ ಸರಿ.

"ದಿನಾ ಕೇಳ್ತೀನಲ್ಲ ಸಾರ್" ಎಂದರು ಅವರು, ತಪ್ಪು ಮಾಡಿದವರಂತೆ. "ಮೇಡಮ್ಮೋರು ಯಾವಾಗ್ಲೂ ಅಲ್ಲೇ ನಿಲ್ತಾರೆ. ಸಮನ್ವಯ ಅನ್ನೋದು ಅವ್ರ ಬಾಯಿಗೆ ಬರಾಕಿಲ್ಲ."

"ಸಮನ್ವಯ ಅಂದ್ರೆ ಏನು ಗೊತ್ತಾ ನಿಮಗೆ?" ಎಂದಳು ಇವಳು, ಸ್ವಲ್ಪ ಸಿಟ್ಟಿನಿಂದ.

"ಎಲ್ಲಾರ್ನೂವೆ ಒಂದಿಸ್ಕಂಡು ಓಗೋದು. ಎಪ್ಪತ್ತೆಲ್ಡನೇ ಪುಟ."

ಅವರು ಒಂದಕ್ಷರವನ್ನೂ ಕಣ್ಣಲ್ಲಿ ಓದಿರಲಿಲ್ಲ. ಪುಟದ ಸಂಖ್ಯೆಯನ್ನೂ ಇವಳೇ ಗಟ್ಟಿಯಾಗಿ ಹೇಳಿಕೊಂಡದ್ದನ್ನು ಕೇಳಿಸಿಕೊಂಡಿದ್ದರು.

ಪರೀಕ್ಷೆಯ ದಿನ ಕೆಂಪು ದೀಪದ ಕಾರಿನಲ್ಲಿ ಹೋಗುವುದಿಲ್ಲವೆಂದಳು. ನನ್ನ ಸ್ಕೂಟರಿನ ಹಿಂದೆ ಕೂತು ಹೋದಳು. ಡ್ರೈವರಿಗೆ ಮನೆಗೆ ಹೋಗಿ ಎಂದು ಹೇಳಿದ್ದರೂ ಅವರು ಆಟೋ ಹಿಡಿದು ನಮಗಿಂತ ಮೊದಲೇ ಗೇಟಿನ ಹತ್ತಿರ ಬಂದಿದ್ದರು. ಆಪ್ತ ಸಹಾಯಕರೂ ಬಂದಿದ್ದರು. ಅವಳು ಒಳಗೆ ಹೋದ ಮೇಲೆ ನಾವು ಮೂವರು ಎದುರಿನ ಮರದ ಕೆಳಗೆ, ಹೆರಿಗೆ ಆಸ್ಪತ್ರೆಯ ಹೊರಗೆ ನಿಂತವರ ಹಾಗೆ, ಅತ್ತಿಂದಿತ್ತ ತಿರುಗಾಡಿದೆವು. ಹನ್ನೊಂದೂವರೆಗೆ ಡ್ರೈವರು ತಮ್ಮಷ್ಟಕ್ಕೆ ತಾವೇ, "ಸಮನ್ವಯ ಬರುದ್ರೋ ಇಲ್ವೋ" ಎಂದರು.

ಒಳಗೆ ನಡೆದದ್ದನ್ನು ಅವಳು ಆಮೇಲೆ ಹೇಳಿದಳು. ಕೋಣೆಗೆ ಕಾಲಿಟ್ಟ ಕೂಡಲೇ ಮೇಲ್ವಿಚಾರಣೆಯ ತರುಣ ಉಪನ್ಯಾಸಕರು ಎದ್ದು ನಿಂತರು. ಅವರು ನಿಂತರೆಂದು ಪರೀಕ್ಷೆ ಬರೆಯಲು ಬಂದವರೂ ನಿಂತರು. "ಕೂತ್ಕೊಳಿ, ಕೂತ್ಕೊಳಿ, ನಂಗೂ ಭಯ ಆಗ್ತಿದೆ" ಎಂದಳಂತೆ. ಅರ್ಧ ಗಂಟೆಗೊಮ್ಮೆ ಅವರು ಹತ್ತಿರ ಬಂದು ಪಿಸುಗುಟ್ಟಿದರು: ಫ್ಯಾನ್ ಸಾಕಾ ಮೇಡಂ, ಬೆಳಕು ಸಾಕಾ ಮೇಡಂ, ನೀರು ತರಿಸ್ಲಾ ಮೇಡಂ. ನಾಲ್ಕನೇ ಸಲ ಬಂದಾಗ, "ಸಾರ್, ನೀವು ಸುಮ್ನೆ ಕೂತ್ರೆ ಪಾಸಾಗ್ತೀನಿ" ಎಂದಳು. ಪಕ್ಕದ ಬೆಂಚಿನಲ್ಲಿ ಇವಳಂತೆಯೇ ಹಳೆಯ ಬಾಕಿಯ ಒಬ್ಬ ಗಡ್ಡದ ಮನುಷ್ಯ. ಮೇಲ್ವಿಚಾರಕರು ಅತ್ತ ತಿರುಗಿದಾಗ ಮೆಲ್ಲಗೆ ಕರೆದನಂತೆ. ಉತ್ತರ ಕೇಳುತ್ತಾನೇನೋ ಎಂದು ಇವಳು ಮುಖ ಗಂಟಿಕ್ಕಿಕೊಂಡಳು. "ಮೇಡಂ, ನಮ್ಮೂರ ಶಾಲೆಗೆ ಏಳನೇ ಕ್ಲಾಸಿನ ಗಣಿತದ ಪುಸ್ತಕ ಬಂದೇ ಇಲ್ಲ" ಎಂದನಂತೆ. ಇವಳು ಊರಿನ ಹೆಸರನ್ನು ಪ್ರಶ್ನೆಪತ್ರಿಕೆಯ ಅಂಚಿನಲ್ಲಿ ಗುರುತು ಹಾಕಿಕೊಂಡಳು.

ಹೊರಗೆ ಬಂದಾಗ ಮುಖ ಅರಳಿತ್ತು. "ಶಿಕ್ಷಣದಲ್ಲಿ ರಾಜ್ಯ ಸರಕಾರದ ಪಾತ್ರ ಅಂತ ಒಂದು ಪ್ರಶ್ನೆ ಬಂದಿತ್ತು ಕಣ್ರೀ! ಹದಿನಾಲ್ಕು ಪುಟ ಬರ್ದೆ!"

"ಒಟ್ಟು ಎಷ್ಟು ಪ್ರಶ್ನೆ ಬರೀಬೇಕಿತ್ತು?" ಎಂದೆ.

"ಐದು."

"ಎಷ್ಟು ಬರೆದೆ?"

ಅವಳು ಮಾತು ಬದಲಾಯಿಸಿ, ಹಸಿವಾಗುತ್ತಿದೆ, ದೋಸೆ ತಿನ್ನೋಣ ಎಂದಳು. ಡ್ರೈವರು ದೋಸೆಯ ಮಾತು ಮುಗಿಯುವ ಮೊದಲೇ, ಏಳು ಕರ್ತವ್ಯದ ಪ್ರಶ್ನೆ ಬಂದಿತ್ತೇ ಎಂದು ಕೇಳಿದರು. ಬಂದಿತ್ತು. ಏಳನ್ನೂ ಬರೆದಿದ್ದಳು. ಆ ಮನುಷ್ಯ ನಕ್ಕದ್ದನ್ನು ನಾನು ಕಂಡದ್ದು ಆವತ್ತೇ.

ಫಲಿತಾಂಶ ಬಂತು: ನೂರಕ್ಕೆ ನಲವತ್ತೊಂದು. ನಮ್ಮ ಅಮ್ಮ ತೆಂಗಿನಕಾಯಿ ಒಡೆಸಿದಳು. ಇವಳಿಗೆ ಮಾತ್ರ ನೆಮ್ಮದಿಯಿಲ್ಲ. "ನಾನು ಅಂತ ಗೊತ್ತಾಗಿ ಹಾಕಿದಾರೋ ಏನೋ" ಎಂದು ನಾಲ್ಕು ದಿನ ಒದ್ದಾಡಿ, ಉತ್ತರಪತ್ರಿಕೆಯ ನಕಲು ಬೇಕೆಂದು ಅರ್ಜಿ ಹಾಕಿದಳು. ಅಂಕ ಹೆಚ್ಚು ಬಂದಿದೆಯೆಂಬ ಅನುಮಾನಕ್ಕೆ ನಕಲು ಕೇಳಿದವರು ಅವಳಿಗಿಂತ ಮುಂಚೆ ಯಾರಾದರೂ ಇದ್ದರೋ ಇಲ್ಲವೋ. ನಕಲು ಬಂತು. ಹೆಸರಿಲ್ಲ, ಬರೀ ಗುಪ್ತ ಸಂಖ್ಯೆ. ಏಳು ಕರ್ತವ್ಯಕ್ಕೆ ಇಪ್ಪತ್ತಕ್ಕೆ ಹತ್ತೊಂಬತ್ತು. ಹದಿನಾಲ್ಕು ಪುಟದ ಉತ್ತರದ ಮೇಲೆ ಕೆಂಪು ಶಾಯಿಯಲ್ಲಿ ಉದ್ದಕ್ಕೆ ಒಂದು ಗೆರೆ, ಪಕ್ಕದಲ್ಲಿ 'ವಿಷಯಾಂತರ. ಭಾಷಣದಂತಿದೆ' ಎಂಬ ಷರಾ, ಕೆಳಗೆ ಇಪ್ಪತ್ತಕ್ಕೆ ನಾಲ್ಕು.

ಅದನ್ನು ಓದಿ ಅವಳಿಗೆ ಆದ ಸಂತೋಷ ಹೇಳತೀರದು. "ನಾಲ್ಕೇ ರೀ! ನಾಲ್ಕೇ ಹಾಕಿದಾನೆ ಪುಣ್ಯಾತ್ಮ!" ಎಂದು ಮನೆತುಂಬ ಓಡಾಡಿದಳು. ಮಂಡಳಿಯ ಕೆಲಸದಲ್ಲೂ ಆಮೇಲೆ ಅವಳ ನಡಿಗೆ ಬೇರೆಯಾಯಿತು. ಮರು ಬೇಸಿಗೆಯಲ್ಲಿ ಪುಸ್ತಕದ ಗೋದಾಮಿನಲ್ಲೇ ಕುರ್ಚಿ ಹಾಕಿಕೊಂಡು ಕೂತು, ಲಾರಿ ಲಾರಿ ಹತ್ತಿಸಿ, ಶಾಲೆ ತೆರೆಯುವ ದಿನಕ್ಕೆ ಮುಂಚೆಯೇ ಪುಸ್ತಕ ಮುಟ್ಟಿಸಿದಳು. ಆ ಗಡ್ಡದವನ ಊರಿಗೂ ಮುಟ್ಟಿತು. ಸಂಜೆ ಪತ್ರಿಕೆಯವರು ಅದನ್ನು ಒಳಪುಟದಲ್ಲಿ ಎರಡು ಸಾಲು ಹಾಕಿದರು.

ಆಮೇಲೆ ಸರಕಾರ ಬದಲಾಯಿತು, ಅಧ್ಯಕ್ಷಗಿರಿ ಹೋಯಿತು, ಕಾರೂ ಹೋಯಿತು. ಹೂವಾಡಗಿತ್ತಿ ಜಾಗ ಖಾಲಿಯಾಯಿತೆಂದು ಎರಡು ಬುಟ್ಟಿ ಹೆಚ್ಚಿಗೆ ಇಟ್ಟಳು. ಇವಳು ಸಿಟಿ ಬಸ್ಸಿನಲ್ಲಿ ಓಡಾಡತೊಡಗಿದಳು. ಅಮ್ಮನಿಗೆ ಮಾತ್ರ ಸೊಸೆ ಕೊನೆಯವರೆಗೂ ಮಂತ್ರಿಯೇ.

ತಿಂಗಳು ಕಳೆದು ಒಂದು ಭಾನುವಾರ ಡ್ರೈವರು ನಮ್ಮ ಬಾಗಿಲಲ್ಲಿ ನಿಂತಿದ್ದರು. ಎಂಟನೇ ಅಧ್ಯಕ್ಷರು ಕಾರಿನಲ್ಲಿ ಮಾತಾಡುವುದೇ ಇಲ್ಲ, ಬರೀ ನಿದ್ದೆ ಮಾಡುತ್ತಾರೆ, ಹೋಗಿಬರುವ ಹೊತ್ತು ಕಳೆಯುವುದಿಲ್ಲ ಎಂದರು. ಕೈಯಲ್ಲಿ ಅಂಚೆ ಮೂಲಕ ಬಿ.ಎ. ಮಾಡುವ ಅರ್ಜಿಯಿತ್ತು. "ಈ ವಯಸ್ಸಲ್ಲಿ ಯಾಕೆ ಅಂತ ಮನೇಲಿ ಬೈತಾವ್ರೆ. ಅಂಗೇ ಒಂದ್ಸಲ ಮೇಡಮ್ಮೋರ್ನ ಕೇಳ್ಬುಡೋವ ಅಂತ ಬಂದೆ."

ಮೂರು ವರ್ಷ, ಬಿಡುವಿದ್ದ ಭಾನುವಾರವೆಲ್ಲ ಅವರು ಬಂದರು. ನಡುಮನೆಯಲ್ಲಿ ಚಾಪೆ ಹಾಕಿಕೊಂಡು ಇವಳು ಗಟ್ಟಿಯಾಗಿ ಓದುವಳು, ಅವರು ಕಣ್ಣು ಮುಚ್ಚಿಕೊಂಡು ಕೇಳುವರು. ಎಲ್ಲ ಪತ್ರಿಕೆಯೂ ಒಂದೇ ಸಲಕ್ಕೆ ಪಾಸಾಯಿತು. ಸಾರ್ವಜನಿಕ ಆಡಳಿತದಲ್ಲಿ ಅರವತ್ತೆರಡು. ಅಂಕಪಟ್ಟಿ ಹಿಡಿದು ಬಂದ ದಿನ ಇವಳು ಬೀದಿಯ ಪ್ರತಿ ಮನೆಗೂ ತಾನೇ ಹೋಗಿ ಮೈಸೂರು ಪಾಕು ಕೊಟ್ಟು ಬಂದಳು. ಸಂಜೆ ಖಾಲಿ ತಟ್ಟೆ ತೊಳೆಯುತ್ತ ಹಿತ್ತಿಲಿನಿಂದಲೇ ನನ್ನನ್ನು ಕೂಗಿ ಹೇಳಿದಳು.

"ನನಗಿಂತ ಇಪ್ಪತ್ತೊಂದು ಜಾಸ್ತಿ ಕಣ್ರೀ. ಓದಿ ಹೇಳಿದೋಳು ನಾನು!"